ತಿಮಿಂಗಿಲದ ಕರುಳು ಮತ್ತು ನಮ್ಮ ಕಡತ

ಕ್ಯಾನ್ಸರ್ ಬಂದವರನ್ನು ನೋಡಿಕೊಂಡು ಹೊರಬಂದವರು ಗೇಟಿನ ಬಳಿ ತಗ್ಗಿದ ದನಿಯಲ್ಲಿ ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: 'ಸಿಗರೇಟು ಸೇದುತ್ತಿದ್ದರೇ?' ಇಲ್ಲವೆಂದಾದರೆ, 'ಸ್ವಲ್ಪ ಸ್ಥೂಲಕಾಯದವರಲ್ಲವೇ' ಎಂಬ ಸಮಾಧಾನ. ಎರಡಕ್ಕೂ ವೈದ್ಯಶಾಸ್ತ್ರದ ಆಧಾರವುಂಟು. ಆದರೆ ಆ ವ್ಯಕ್ತಿ ಮೂವತ್ತು ವರ್ಷ ಯಾವ ಹೊಗೆಯ ನಡುವೆ ದುಡಿದರೆಂದು ಯಾರೂ ಕೇಳುವುದಿಲ್ಲ. ರೋಗದ ಹೊಣೆಯನ್ನೆಲ್ಲ ರೋಗಿಯ ಹೆಗಲಿಗೇ ಹೊರಿಸುವುದು ನಮಗೆ ಅನುಕೂಲ.

ದೇಹದ ಗಾತ್ರಕ್ಕೂ ಈ ರೋಗಕ್ಕೂ ಸಂಬಂಧವಿರುವುದು ನಿಜ. ಕೊಬ್ಬಿನ ವಿಷಯ ಎಲ್ಲರಿಗೂ ಗೊತ್ತು. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2016ರಲ್ಲಿ ಅತಿತೂಕದೊಂದಿಗೆ 13 ಬಗೆಯ ಕ್ಯಾನ್ಸರ್‌ಗಳನ್ನು ತಳುಕು ಹಾಕಿತು. ಎತ್ತರದ ವಿಷಯ ಅಷ್ಟಾಗಿ ತಿಳಿದಿಲ್ಲ. ಬ್ರಿಟನ್ನಿನ ಸುಮಾರು 13 ಲಕ್ಷ ಮಹಿಳೆಯರನ್ನು ಕುರಿತು 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಎತ್ತರ 10 ಸೆಂಟಿಮೀಟರ್ ಹೆಚ್ಚಿದಂತೆಲ್ಲ ಅಪಾಯವು ಶೇ 16ರಷ್ಟು ಏರಿದ್ದು ಕಂಡುಬಂದಿತು. ಜೀವಕೋಶಗಳು ಹೆಚ್ಚಿದಷ್ಟೂ ಅವುಗಳ ವಿಭಜನೆಯಲ್ಲಿ ತಪ್ಪುಗಳಾಗುವ ಸಾಧ್ಯತೆಯೂ ಹೆಚ್ಚು ಎಂಬುದು ಇದಕ್ಕೆ ಕೊಡುವ ಒಂದು ವಿವರಣೆ.

ಈ ತರ್ಕದಂತೆ ಆನೆ, ತಿಮಿಂಗಿಲಗಳ ಸಂತತಿ ಎಂದೋ ನಶಿಸಬೇಕಿತ್ತು. ಹಾಗಾಗಿಲ್ಲವೇಕೆ ಎಂಬುದನ್ನು 1970ರ ದಶಕದಲ್ಲಿ ರಿಚರ್ಡ್ ಪೀಟೋ ಎತ್ತಿ ತೋರಿಸಿದರು. 2015ರಲ್ಲಿ ಆನೆಯ ಮಟ್ಟಿಗೆ ಒಂದು ಉತ್ತರ ದೊರೆಯಿತು. ಕೆಟ್ಟ ಕೋಶವನ್ನು ಗುರುತಿಸಿ ಕೊನೆಗಾಣಿಸುವ ಪಿ53 ಎಂಬ ವಂಶವಾಹಿ ನಮ್ಮಲ್ಲಿ ಒಂದೇ ಜೋಡಿ. ಆಫ್ರಿಕಾದ ಆನೆಯಲ್ಲಿ ಸುಮಾರು 20. ನಾಗರಹೊಳೆ, ಬಂಡೀಪುರಗಳಲ್ಲಿ ಅಡ್ಡಾಡುವ ಏಷ್ಯಾದ ಆನೆಗೂ ಹದಿನೈದಕ್ಕೆ ಕಡಿಮೆಯಿಲ್ಲ. ಪ್ರಕೃತಿಯು ದೊಡ್ಡ ದೇಹವನ್ನು ಕೊಡುವಾಗ ಅದಕ್ಕೆ ತಕ್ಕ ವಿಮೆಯನ್ನೂ ಮಾಡಿಸಿದೆ.

ಆ ವಿಮೆಗೂ ಒಂದು ಮಿತಿಯಿದೆ. ಕೆನಡಾದ ಸೇಂಟ್ ಲಾರೆನ್ಸ್ ನದೀಮುಖದಲ್ಲಿ ಬೆಲೂಗಾ ಎಂಬ ಬಿಳಿ ತಿಮಿಂಗಿಲಗಳಿವೆ. 1983ರಿಂದ 1999ರವರೆಗೆ ದಡಕ್ಕೆ ಬಂದು ಬಿದ್ದ ಕಳೇಬರಗಳನ್ನು ಪಶುವೈದ್ಯರು ಕೊಯ್ದು ಪರೀಕ್ಷಿಸಿದಾಗ, ವಯಸ್ಕ ಪ್ರಾಣಿಗಳಲ್ಲಿ ಶೇ 27ರಷ್ಟರಲ್ಲಿ ಕ್ಯಾನ್ಸರ್ ಕಂಡುಬಂದಿತು. ಕರುಳಿನ ಕ್ಯಾನ್ಸರೇ ಮುಂಚೂಣಿಯಲ್ಲಿತ್ತು. ನದಿಯ ಮೇಲ್ಭಾಗದ ಸ್ಯಾಗ್ನೇ ಪ್ರದೇಶದಲ್ಲಿ ಅಲ್ಯೂಮಿನಿಯಂ ಕಾರ್ಖಾನೆಗಳು ದಶಕಗಳ ಕಾಲ ಹೊರಹಾಕಿದ ಟಾರಿನ ಜಾತಿಯ ರಾಸಾಯನಿಕಗಳು ನದಿಯ ತಳದ ಕೆಸರಿನಲ್ಲಿ ಕುಳಿತಿದ್ದವು. ಬೆಲೂಗಾ ಆ ತಳದ ಜೀವಿಗಳನ್ನೂ ತಿನ್ನುತ್ತದೆ. ಸಂಶೋಧಕರ ಸಂಶಯ ಬಲವಾಗಿ ಅತ್ತಲೇ ತಿರುಗಿತು. ಅದೇ ಉದ್ಯಮದ ಕಾರ್ಮಿಕರಲ್ಲಿ ಮೂತ್ರಕೋಶ ಮತ್ತು ಶ್ವಾಸಕೋಶದ ಕ್ಯಾನ್ಸರ್ ಹೆಚ್ಚಿದ್ದುದೂ ದಾಖಲಾಗಿತ್ತು. 1970ರ ದಶಕದಿಂದ ಆ ಹೊರಸೂಸುವಿಕೆಗೆ ಕಡಿವಾಣ ಬಿತ್ತು. 1971ರ ನಂತರ ಹುಟ್ಟಿದ ಬೆಲೂಗಾಗಳ ಕಳೇಬರಗಳಲ್ಲಿ ಕ್ಯಾನ್ಸರ್ ಕಾಣಲಿಲ್ಲವೆಂದು ಮುಂದಿನ ವರದಿಗಳು ಹೇಳಿದವು. ಆ ತಿಮಿಂಗಿಲಗಳಿಗೆ ಯಾರೂ ಪಥ್ಯ ಹೇಳಿರಲಿಲ್ಲ, ವ್ಯಾಯಾಮ ಮಾಡಿಸಿರಲಿಲ್ಲ.

ಎಂ.ಎ. ತರಗತಿಯಲ್ಲಿ ನಾವು ಪೀಗೂ ಅವರ ವಾದವನ್ನು ಓದಿದ್ದೆವು: ಉತ್ಪಾದಕನ ಲೆಕ್ಕದಲ್ಲಿ ಬಾರದ ವೆಚ್ಚವನ್ನು ಸಮಾಜ ತೆರುತ್ತದೆ. ಪರೀಕ್ಷೆಯಲ್ಲಿ ಅದನ್ನು ಚೆನ್ನಾಗಿಯೇ ಬರೆದಿದ್ದೆ. 1990ರ ದಶಕದ ಆರಂಭದಲ್ಲಿ, ಒಂದು ಜಿಲ್ಲೆಯಲ್ಲಿದ್ದಾಗ, ಕುಲುಮೆಯುಳ್ಳ ಕಾರ್ಖಾನೆಯೊಂದರ ಕಡತ ನನ್ನ ಮೇಜಿಗೆ ಬಂದಿತು. ಭೂಮಿ, ನೀರು, ವಿದ್ಯುತ್ತು, ಉದ್ಯೋಗ, ಚಿಮಣಿಯ ಎತ್ತರ ಎಲ್ಲಕ್ಕೂ ಅಂಕಣವಿತ್ತು. ಚಿಮಣಿಯ ಬುಡದಲ್ಲಿ ನಿಂತು ದುಡಿಯುವವನ ಉಸಿರಿಗೆ ಅಂಕಣವಿರಲಿಲ್ಲ. ನಾನೂ ಕೇಳಲಿಲ್ಲ, ಶಿಫಾರಸು ಬರೆದು ಸಹಿ ಮಾಡಿದೆ.

ವೃತ್ತಿಜನ್ಯ ರೋಗಗಳನ್ನು ಕಂಡ ವೈದ್ಯರು ವರದಿ ಮಾಡಬೇಕೆಂಬ ವಿಧಿ 1948ರ ಕಾರ್ಖಾನೆಗಳ ಕಾಯಿದೆಯಲ್ಲೇ ಇತ್ತು. ಆದರೆ ಕಲ್ನಾರಿನಂಥ ವಸ್ತುವಿನಿಂದ ಬರುವ ಕ್ಯಾನ್ಸರ್ ತಲೆದೋರಲು ಇಪ್ಪತ್ತು, ಮೂವತ್ತು, ನಲವತ್ತು ವರ್ಷ ಬೇಕು. ಅಷ್ಟರಲ್ಲಿ ಕಾರ್ಮಿಕ ನಿವೃತ್ತನಾಗಿ ಊರು ಸೇರಿರುತ್ತಾನೆ. ಗುತ್ತಿಗೆಯವನಾಗಿದ್ದರೆ ಹೆಸರೂ ಉಳಿದಿರುವುದಿಲ್ಲ. ಆದ್ದರಿಂದ ಯಾರು ಎಷ್ಟು ಕಾಲ ಯಾವುದಕ್ಕೆ ಒಡ್ಡಿಕೊಂಡರೆಂಬ ದಾಖಲೆಯನ್ನು ಕಾರ್ಖಾನೆಗಳು ನಲವತ್ತು ವರ್ಷವಾದರೂ ಕಾಯ್ದಿಡಬೇಕು, ಗುತ್ತಿಗೆಯವರನ್ನೂ ಸೇರಿಸಿ. ಕ್ಯಾನ್ಸರ್ ಆಸ್ಪತ್ರೆಗಳು ರೋಗಿಯ ತೂಕ ಮತ್ತು ಚಟಗಳೊಂದಿಗೆ ಅವನ ಜೀವಮಾನದ ಕೆಲಸಗಳನ್ನೂ ತಪ್ಪದೆ ಬರೆದುಕೊಳ್ಳಬೇಕು. ಇದಕ್ಕೆ ಯಂತ್ರ ಬೇಡ, ಕೋಟಿಗಳ ಅನುದಾನವೂ ಬೇಡ.

ನಾನು ಶಿಫಾರಸು ಮಾಡಿದ ಕಾರ್ಖಾನೆಯೊಳಗೆ ಕಾಲಿಟ್ಟದ್ದು ಒಮ್ಮೆ ಮಾತ್ರ, ಉದ್ಘಾಟನೆಯ ದಿನ. ಅಂದು ಕುಲುಮೆ ಇನ್ನೂ ಹೊತ್ತಿರಲಿಲ್ಲ.