ಗುಂಪು ಚಿಕ್ಕದು, ಹಡಗು ದೊಡ್ಡದು

ಹಾಸ್ಟೆಲ್‌ನಲ್ಲಿ ರಾತ್ರಿ ಕೂತು ಮೆಡಿಟರೇನಿಯನ್ ಕ್ರೂಸ್ ರೀಲ್ಸ್ ನೋಡೋದು ನಮಗೆ ಅಭ್ಯಾಸ ಆಗಿಬಿಟ್ಟಿದೆ. ಕೆಲಸ ಸಿಕ್ಕಮೇಲೆ ಎಂಟು ಜನ ಹೋಗೋಣ, ಬಸ್ ಟೂರ್ ಬೇಡ, ನಮ್ಮದೇ ವ್ಯಾನ್, ನಮ್ಮದೇ ಗೈಡ್ ಅಂತ ಪ್ಲ್ಯಾನೂ ರೆಡಿ.

ಆಮೇಲೆ ಲೆಕ್ಕ ಹಾಕಿದೆವು. ಕ್ರೂಸ್‌ನವರು ರೋಮ್ ಅನ್ನೋದು ಚಿವಿಟಾವೆಕ್ಕಿಯಾ ಬಂದರನ್ನ. ಅಲ್ಲಿಂದ ರೋಮ್ ಸುಮಾರು 70 ಕಿ.ಮೀ. ಬೆಳಗ್ಗೆ 7ಕ್ಕೆ ಬಂದ ಹಡಗು ಸಂಜೆ 6ಕ್ಕೆ ಹೊರಡುತ್ತೆ ಅಂದುಕೊಳ್ಳಿ. ಹೋಗಿಬರೋಕೇ ಸುಮಾರು ಮೂರು ಗಂಟೆ. ಹಡಗಿನವರದೇ ಟೂರ್ ತಡವಾದ್ರೆ ಹಡಗು ಸಾಮಾನ್ಯವಾಗಿ ಕಾಯುತ್ತೆ, ನಮ್ಮ ಖಾಸಗಿ ವ್ಯಾನ್‌ಗೆ ಕಾಯಲ್ಲ. ಹಾಗಾಗಿ ಬೇಗನೇ ವಾಪಸ್ಸಾಗಬೇಕು. ಉಳಿಯೋದು ಐದಾರು ಗಂಟೆ. ಅಷ್ಟರಲ್ಲೇ ಕೊಲೋಸಿಯಮ್, ವ್ಯಾಟಿಕನ್ ಎರಡೂ ಮುಗಿಸೋದು, ಪರೀಕ್ಷೆಯ ಹಿಂದಿನ ರಾತ್ರಿ ಐದೂ ಮಾಡ್ಯೂಲ್ ಓದಿದ ಹಾಗೆ.

ಇನ್ನೊಂದು ಮಾತು. ವ್ಯಾನ್‌ನಲ್ಲಿ ಎಂಟೇ ಜನ ಇರಬಹುದು, ಆದ್ರೆ ನಾವು ಬಂದಿರೋದು ಸಾವಿರಾರು ಜನರ ಹಡಗಿನಲ್ಲಿ. ಇಂಥ ದೊಡ್ಡ ಹಡಗುಗಳು ವೆನಿಸ್‌ನ ಜುಡೆಕ್ಕಾ ಕಾಲುವೆಗೆ ಬರೋದನ್ನ ಇಟಲಿ ಸರ್ಕಾರ 2021ರ ಆಗಸ್ಟ್‌ನಿಂದ ನಿಷೇಧಿಸಿದೆ. ಊರಿನವರಿಗೆ ನಮ್ಮ ಚಿಕ್ಕ ಗುಂಪು ಕಾಣಲ್ಲ, ಹಡಗು ಕಾಣುತ್ತೆ.

ಹೋಗಲೇಬಾರದು ಅಂತಲ್ಲ. ಚಿಕ್ಕ ಗುಂಪು ಒಳ್ಳೇದೇ, ಬಸ್ ತುಂಬ ಜನರಿಗೆ ಕಾಯೋದು ತಪ್ಪುತ್ತೆ. ಆದ್ರೆ ಉಳಿದ ಆ ಸಮಯದಲ್ಲಿ ಇನ್ನೂ ನಾಲ್ಕು ಜಾಗ ತುರುಕೋದು ಬೇಡ. ಒಂದೇ ಜಾಗ ನೋಡೋಣ, ನಿಧಾನವಾಗಿ ನಡೆಯೋಣ, ಹಡಗಿನ ಬಫೆ ಬಿಟ್ಟು ಆ ಊರಲ್ಲೇ ಊಟ ಮಾಡೋಣ. ನೋಡಿದ್ದು ಒಂದೇ ಆದ್ರೂ ಪರವಾಗಿಲ್ಲ, ನೋಡಿದ್ದೀವಿ ಅಂತ ಧೈರ್ಯವಾಗಿ ಹೇಳಬಹುದು.