‘ಕಾಂಗರೂ’ ಪದನಿಷ್ಪತ್ತಿ: ಕಥೆ ಮತ್ತು ಆಧಾರ

ಆಸ್ಟ್ರೇಲಿಯದ ರಾಷ್ಟ್ರೀಯ ರಗ್ಬಿ ಲೀಗ್ ತಂಡದ ಅಡ್ಡಹೆಸರು ‘ಕಾಂಗರೂಸ್’. ಈ ಪದದ ಹುಟ್ಟಿನ ಬಗ್ಗೆ ಒಂದು ಕಥೆ ಬಹುಕಾಲದಿಂದ ಪ್ರಚಾರದಲ್ಲಿದೆ. ಇಂಗ್ಲಿಷ್ ನಾವಿಕರು ಪ್ರಾಣಿಯ ಹೆಸರು ಕೇಳಿದಾಗ ಮೂಲನಿವಾಸಿಗಳು ‘ತಿಳಿಯದು’ ಎಂದರಂತೆ. ಆ ಉತ್ತರವೇ ಹೆಸರಾಯಿತಂತೆ.

ಆಧಾರಗಳು ಇದನ್ನು ಸಮರ್ಥಿಸುವುದಿಲ್ಲ. 1770ರಲ್ಲಿ ಕುಕ್‌ನ ‘ಎಂಡೆವರ್’ ಹಡಗು ದುರಸ್ತಿಗಾಗಿ ಈಗಿನ ಕುಕ್‌ಟೌನ್‌ನಲ್ಲಿ ತಂಗಿದ್ದಾಗ, ಜೋಸೆಫ್ ಬ್ಯಾಂಕ್ಸ್ ಅಲ್ಲಿನ ಗೂಗು ಯಿಮಿಧಿರ್ ಭಾಷಿಕರಿಂದ ಈ ಪದವನ್ನು ದಾಖಲಿಸಿಕೊಂಡನು. 1820ರಲ್ಲಿ ಅಲ್ಲಿಗೆ ಬಂದ ಫಿಲಿಪ್ ಪಾರ್ಕರ್ ಕಿಂಗ್‌ನಿಗೆ ಬೇರೊಂದು ಪದ ದೊರೆತುದರಿಂದ ಸಂಶಯ ಬೆಳೆಯಿತು. ಅದು ಪ್ರಾಯಶಃ ತಿನ್ನಬಹುದಾದ ಪ್ರಾಣಿಗಳಿಗೆಲ್ಲ ಸಲ್ಲುವ ಸಾಮಾನ್ಯಪದ. 1970ರ ದಶಕದಲ್ಲಿ ಭಾಷಾವಿಜ್ಞಾನಿ ಜಾನ್ ಹ್ಯಾವಿಲ್ಯಾಂಡ್ ಅದೇ ಭಾಷಿಕರ ನಡುವೆ ಕ್ಷೇತ್ರಕಾರ್ಯ ನಡೆಸಿ, ‘ಗಂಗುರ್ರು’ ಎಂಬುದು ದೊಡ್ಡ ಕಾಂಗರೂಗಳ ಒಂದು ಬಗೆಯ ಹೆಸರೆಂದು ಖಚಿತಪಡಿಸಿದರು.

ಹೀಗಾಗಿ ಆ ಕಥೆಯನ್ನು ಕೇವಲ ವಿನೋದವೆಂದು ಬಿಡಲಾಗದು. ತಮ್ಮ ನೆಲದ ಪ್ರಾಣಿಯನ್ನೇ ಹೆಸರಿಸಲಾರದ ಜನರೆಂಬ ತೀರ್ಪು ಅದರಲ್ಲಿ ಅಡಗಿದೆ. ಪದಕೋಶವುಳ್ಳ ಭಾಷೆಯೊಂದನ್ನು ಅದು ಮೂಕವಾಗಿಸುತ್ತದೆ.

ನಮ್ಮ ಸ್ಥಳನಾಮ ಅಧ್ಯಯನಕ್ಕೂ ಈ ಎಚ್ಚರ ಅಗತ್ಯ. ಹೊಯ್ಸಳ ಬಲ್ಲಾಳನಿಗೆ ಅಂಟಿಕೊಂಡ ‘ಬೆಂದಕಾಳೂರು’ ಕಥೆ ಇಂದಿಗೂ ನಿಷ್ಪತ್ತಿಯಾಗಿ ಉಲ್ಲೇಖಗೊಳ್ಳುತ್ತದೆ. ಆದರೆ ಬೆಂಗಳೂರಿನ ಹೆಸರು ಅದಕ್ಕೂ ಹಿಂದಿನ, ಗಂಗರ ಕಾಲದ ಬೇಗೂರು ಶಾಸನದಲ್ಲಿಯೇ ಇದೆ. ಇಂತಹ ಕಥೆಗಳು ಜಾನಪದ ಅಧ್ಯಯನಕ್ಕೆ ಅಮೂಲ್ಯ ಸಾಮಗ್ರಿ, ನಿಜ. ಆದರೆ ನಿಷ್ಪತ್ತಿಯನ್ನು ನಿರ್ಣಯಿಸುವಾಗ ಶಾಸನವನ್ನೂ ಭಾಷಿಕರ ಬಳಕೆಯನ್ನೂ ಮೊದಲು ಪರಿಶೀಲಿಸಬೇಕು; ಕಥೆಯನ್ನು ಕಥೆಯೆಂದೇ ದಾಖಲಿಸಬೇಕು.