ಗಟ್ಟಿ ಮಂದಿಯ ನೋವು

"ನಿಮ್ಮ ಮಂದಿ ಗಟ್ಟಿ ಬಿಡಬೇ, ತಡ್ಕೋ."

ಹೊಟ್ಟೆ ಕೊಯ್ಸಿಕೊಂಡು ಮಲಗಿದ್ದ ನಮ್ಮವ್ವನಿಗೆ ರಾತ್ರಿ ವಾರ್ಡಿನಲ್ಲಿ ಸಿಕ್ಕ ಮದ್ದು ಈ ಮಾತು. ಅವ್ವ ಸೆರಗಿನ ಚುಂಗು ಕಚ್ಚಿಕೊಂಡು ಬೆಳಗು ಮಾಡಿದಳು. ಗುಳಿಗಿ ಬಂದದ್ದು ದೊಡ್ಡ ಡಾಕ್ಟರು ರೌಂಡಿಗೆ ಬಂದಾಗ.

ಗೆಳೆಯರೇ, ಇದು ಹೊಗಳಿಕೆಯಲ್ಲ, ಜಾತಿ. ಕಬ್ಬು ಕಡಿದ ಕೈಗೆ, ಕಲ್ಲು ಹೊತ್ತ ಬೆನ್ನಿಗೆ ನೋವು ಕಡಿಮೆ ಎಂದು ಯಾವ ವೈದ್ಯಶಾಸ್ತ್ರ ಹೇಳಿದೆ? ಸವದತ್ತಿಯ ಗುಡ್ಡದ ಹೆಸರಿನಲ್ಲಿ ನಮ್ಮ ಹುಡುಗಿಯರಿಗೆ ಮುತ್ತು ಕಟ್ಟಿಸಿದವರು ಹಣೆಬರಹ ಅಂದರು. 1982ರ ಕಾಯ್ದೆ ಮುತ್ತು ಕಟ್ಟುವುದನ್ನು ನಿಷೇಧಿಸಿತು. ಹಣೆಬರಹದ ಮಾತು ಮಾತ್ರ ಬಿಳಿ ಕೋಟು ತೊಟ್ಟು ವಾರ್ಡಿಗೆ ಬಂತು.

ಕತ್ತರಿ ಬೀಳುವುದು ಯಾರ ಮೇಲೆ? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿ. ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಮದುವೆಯಾದ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ಸಂತಾನಹರಣ ಆಪರೇಶನ್ ಆಗಿತ್ತು. ಗಂಡಸರ ಲೆಕ್ಕ ನೂರಕ್ಕೆ ಒಂದೂ ಇಲ್ಲ.

ಈಗ ಹೊಸ ಸುದ್ದಿ ಕೇಳಿರಿ. 2025ರ ಜನವರಿಯಲ್ಲಿ ಅಮೆರಿಕದ ಸರಕಾರ ಸುಜೆಟ್ರಿಜಿನ್ ಎಂಬ ಗುಳಿಗೆಗೆ ಒಪ್ಪಿಗೆ ಕೊಟ್ಟಿತು. ಅದು ಅಫೀಮಿನ ಕುಲದ್ದಲ್ಲ. ಗಾಯದ ನೋವನ್ನು ಮಿದುಳಿಗೆ ಮುಟ್ಟಿಸುವ ನರದ ಬಾಗಿಲನ್ನೇ ಅದು ಮುಚ್ಚುತ್ತದೆ. ಬಿಡುಗಡೆಯ ಬೆಲೆ ಒಂದು ಗುಳಿಗೆಗೆ 15.50 ಡಾಲರ್. ನಮ್ಮ ಹೆಣ್ಣಾಳಿಗೆ ಮೂರು ದಿನದ ಕೂಲಿಗಿಂತ ಹೆಚ್ಚು. ಅದನ್ನು ಪರೀಕ್ಷಿಸಿದ್ದು ಹೊಟ್ಟೆಯ ಜೋಲುಚರ್ಮ ತೆಗೆಸಿಕೊಂಡವರ ಮೇಲೆ, ಕಾಲ್ಬೆರಳಿನ ಬುಡದ ಗಂಟು ತೆಗೆಸಿಕೊಂಡವರ ಮೇಲೆ. ಅವರ ನೋವೂ ನೋವೇ. ಆದರೆ 48 ಗಂಟೆ ಅವರನ್ನು ಮತ್ತೆ ಮತ್ತೆ ಕೇಳಿ, ಸೊನ್ನೆಯಿಂದ ಹತ್ತರವರೆಗೆ ಅಂಕ ಹಾಕಿ ಬರೆದುಕೊಂಡರು. ನಮ್ಮವ್ವನನ್ನು ಒಮ್ಮೆಯಾದರೂ ಯಾರು ಕೇಳಿದರು?

ಆ ಗುಳಿಗೆಗೆ ಕಾಯುವುದು ಬೇಡ. ಅಲ್ಲಿಯ ಹಳೆಯ ಅಫೀಮು ಬೆರೆತ ಗುಳಿಗೆಯನ್ನು ಅದು ಮೀರಿಸಲೂ ಇಲ್ಲ. ನಮ್ಮ ದೇಶದ 2022ರ ಅಗತ್ಯ ಔಷಧಿಗಳ ಪಟ್ಟಿಯಲ್ಲೇ ಪ್ಯಾರಾಸಿಟಮಾಲ್, ಡೈಕ್ಲೋಫೆನಾಕ್, ಬುಪಿವಕೇನ್, ಮಾರ್ಫಿನ್ ಇವೆ. ಹೊಲಿಗೆ ಹಾಕುವಾಗ ಗಾಯದ ಅಂಚಿಗೆ ಬುಪಿವಕೇನ್ ಸೂಜಿ ಕೊಟ್ಟರೆ ಕೆಲವು ತಾಸು ಆ ಜಾಗ ಮರಗಟ್ಟುತ್ತದೆ. ಪ್ಯಾರಾಸಿಟಮಾಲನ್ನು ಅತ್ತು ಬೇಡಿದಾಗಲ್ಲ, ಗಡಿಯಾರ ನೋಡಿ ಕೊಡಬೇಕು. ಮಾರ್ಫಿನ್ನಿಗೆ 1985ರ ಮಾದಕವಸ್ತು ಕಾಯ್ದೆಯ ಭಯವಿತ್ತು. 2014ರ ತಿದ್ದುಪಡಿ ಆ ಗಂಟನ್ನು ಸಡಿಲಿಸಿತು. ಇನ್ನು ಯಾವ ನೆವ?

2024ರಲ್ಲಿ ಕಿತ್ತೂರಿನ ಗೆಲುವಿಗೆ 200 ವರ್ಷ ತುಂಬಿತು. ಬೈಲಹೊಂಗಲದಲ್ಲಿ ಚೆನ್ನಮ್ಮನ ಸಮಾಧಿಗೆ ಹೂವು ಬಿತ್ತು. ಗಟ್ಟಿ ಹೆಣ್ಣಿಗೆ ಹಾರ ಹಾಕುವ ಕೈಗಳೇ, ಹೊಲಿಗೆ ಬಿದ್ದ ಹೆಣ್ಣಿಗೆ ಹೊತ್ತಿಗೆ ಸರಿಯಾಗಿ ಒಂದು ಗುಳಿಗಿ ಕೊಡಿರಿ.

ಮಾಸ್ತರರೇ, ವಿದ್ಯಾರ್ಥಿಗಳೇ, ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ವಾರ್ಡುಗಳಿಗೆ ಹೋಗಿರಿ. ಮಂಚದ ಪಕ್ಕ ನಿಂತು ಕೇಳಿರಿ: "ಯವ್ವಾ, ನೋವು ಎಷ್ಟೈತಿ? ಗುಳಿಗಿ ಎಷ್ಟೊತ್ತಿಗೆ ಕೊಟ್ರು?" ಉತ್ತರವನ್ನು ಕೇಸ್‌ಪೇಪರಿನಲ್ಲಿ ಬರೆಸಿರಿ. ಬರೆಯದಿದ್ದರೆ ಬರೆಯುವವರೆಗೂ ಅಲ್ಲೇ ನಿಲ್ಲಿರಿ.